ಏಳು ವರ್ಷ ಹತ್ತು ತಿಂಗಳ ಗ್ಯಾಪು, ಮತ್ತೆ ಐಡಿ ಕಾರ್ಡು

ಹೋದ ವಾರ ಕನ್ಫರ್ಮೇಶನ್ ಲೆಟರ್ ಬಂತು. 2017ರ ಡಿಸೆಂಬರಿನಲ್ಲಿ ಸಾಫ್ಟ್‌ವೇರ್ ಕೆಲಸ ಬಿಟ್ಟಿದ್ದೆ. 2025ರ ಅಕ್ಟೋಬರಿನಲ್ಲಿ ವಾಪಸ್ ಸೇರಿ, ಆರು ತಿಂಗಳ ರಿಟರ್ನ್‌ಶಿಪ್ (ಕೆಲಸ ಬಿಟ್ಟು ಮರಳುವವರಿಗೆ ಕೊಡುವ ತಾತ್ಕಾಲಿಕ ಕೆಲಸ) ಮುಗಿಸಿ, ಈಗ ಪರ್ಮನೆಂಟ್ ಆದೆ. ತಯಾರಿ ಶುರುವಾದದ್ದು 2025ರ ಜನವರಿಯಲ್ಲಿ. ಅದನ್ನೂ ಸೇರಿಸಿದರೆ ಹದಿನೈದು ತಿಂಗಳು. ಇದರಲ್ಲಿ ಓದಿದ್ದು ನಾಲ್ಕೈದು ತಿಂಗಳು ಅಷ್ಟೇ. ಉಳಿದದ್ದೆಲ್ಲ ಕಾಯುವುದು, ಕಾಗದ ಹುಡುಕುವುದು, ಮತ್ತೆ ಕಾಯುವುದು. ಯಾರಾದರೂ ಮೊದಲೇ ಹೇಳಿದ್ದರೆ ಇಷ್ಟು ನಿದ್ದೆ ಕೆಡುತ್ತಿರಲಿಲ್ಲ. ಅದಕ್ಕೇ ಬರೆಯುತ್ತಿದ್ದೇನೆ.

ನನ್ನ ಹಿನ್ನೆಲೆ ಎರಡು ಮಾತಿನಲ್ಲಿ. 2010ರಲ್ಲಿ ದಾವಣಗೆರೆಯಲ್ಲಿ ಬಿಇ ಮುಗಿಸಿ ಬೆಂಗಳೂರಿಗೆ ಬಂದೆ. ಮೊದಲ ಕಂಪನಿಯಲ್ಲಿ 2014ರ ಮೇವರೆಗೆ, ಎರಡನೆಯದರಲ್ಲಿ 2017ರ ಕೊನೆವರೆಗೆ ಜಾವಾ ಡೆವಲಪರ್ ಆಗಿದ್ದೆ. 2017ರಲ್ಲಿ ಮಗ ಹುಟ್ಟಿದ. ಆ ವರ್ಷವೇ ಹೆರಿಗೆ ರಜೆ 12 ವಾರದಿಂದ 26 ವಾರಕ್ಕೆ ಏರಿತ್ತು, ನನಗೂ ಪೂರ್ತಿ ಸಿಕ್ಕಿತು. ರಜೆ ಮುಗಿಯುವ ಹೊತ್ತಿಗೆ ಮಾವನವರಿಗೆ ಡಯಾಲಿಸಿಸ್ ಶುರುವಾಯಿತು. ವಾರಕ್ಕೆ ಮೂರು ದಿನ. ಮನೆಯಲ್ಲಿ ಯಾರೂ ಕೆಲಸ ಬಿಡು ಅನ್ನಲಿಲ್ಲ. ಬಿಡಬೇಡ ಅಂತಲೂ ಅನ್ನಲಿಲ್ಲ. ನಾನೇ ಪೇಪರ್ ಹಾಕಿ ಬಂದೆ. ಒಂದು ವರ್ಷ ಅಂದುಕೊಂಡಿದ್ದೆ.

2023ರಲ್ಲಿ ಮಾವ ತೀರಿಕೊಂಡರು. ಮಕ್ಕಳು ಅವರವರ ಬ್ಯಾಗ್ ಅವರೇ ತುಂಬಿಕೊಳ್ಳುವಷ್ಟು ದೊಡ್ಡವರಾದರು. 2025ರ ಜನವರಿಯಲ್ಲಿ ಒಂದು ಮದುವೆಯಲ್ಲಿ ಹಳೇ ಹಾಸ್ಟೆಲ್ ರೂಮ್‌ಮೇಟ್ ಸಿಕ್ಕಳು. ಊಟದ ಪಂಕ್ತಿಯಲ್ಲಿ ಪಕ್ಕದಲ್ಲೇ ಕೂತು, "ಲೇ, ನಿನ್ನಂಥವರಿಗೇ ಅಂತ ಕಂಪನಿಗಳು ಬೇರೆ ಬಾಗಿಲು ಇಟ್ಟಾವೆ, ನಿಂಗೆ ಗೊತ್ತಿಲ್ವಾ?" ಅಂದಳು. ನಿಜವಾಗಿಯೂ ಗೊತ್ತಿರಲಿಲ್ಲ. ಕೆಲಸ ಬಿಟ್ಟ ಹೆಂಗಸರು ಮರಳಲಿ ಅಂತ ಟಾಟಾ ಸಮೂಹ 2008ರಲ್ಲೇ ಇಂಥದ್ದೊಂದು ಯೋಜನೆ ಶುರು ಮಾಡಿತ್ತಂತೆ, ಸೆಕೆಂಡ್ ಕರಿಯರ್ ಅಂತ ಹೆಸರು. ಈಗ ದೊಡ್ಡ ಐಟಿ ಕಂಪನಿಗಳಲ್ಲಿ, ಬ್ಯಾಂಕುಗಳ ಟೆಕ್ ವಿಭಾಗಗಳಲ್ಲಿ ಇಂಥ ಯೋಜನೆಗಳು ಬೇರೆ ಬೇರೆ ಹೆಸರಲ್ಲಿ ಇವೆ. ಬರೀ ಇಂಥ ಹೆಂಗಸರಿಗಾಗಿಯೇ ಇರುವ ಜಾಬ್ ಸೈಟೂ ಇದೆ. ಹರ್‌ಕೀ ಅಂತ, ಮೊದಲು ಜಾಬ್ಸ್‌ಫಾರ್‌ಹರ್ ಆಗಿತ್ತು.

ಒಂದು ವಿಷಯ ಮೊದಲೇ ನೋಡಿಕೊಳ್ಳಿ. ಪ್ರತಿ ಯೋಜನೆಗೂ ಅರ್ಹತೆ ಬೇರೆ. ಕೆಲವಕ್ಕೆ ಕನಿಷ್ಠ ಒಂದು ವರ್ಷ ಗ್ಯಾಪ್ ಇರಬೇಕು, ಕೆಲವಕ್ಕೆ ಎರಡು. ಕೆಲವು ಕಡೆ ಗ್ಯಾಪ್ ಇಷ್ಟು ವರ್ಷ ಮೀರಬಾರದು ಅಂತ ಇರುತ್ತದೆ. ನಾನು ಇದನ್ನು ಓದದೆ ನಾಲ್ಕು ಕಡೆ ಅರ್ಜಿ ಹಾಕಿ ಸುಮ್ನೆ ಕಾದೆ.

ಓದು ಶುರು ಮಾಡಿದ ಮೊದಲ ದಿನ ಕಣ್ಣಲ್ಲಿ ನೀರು ಬಂತು. ನಮ್ಮ ಪ್ರಾಜೆಕ್ಟ್‌ಗಳೆಲ್ಲ ಹಳೇ ಜಾವಾ. ಸ್ಟ್ರಟ್ಸ್, ಜೆಎಸ್‌ಪಿ, ಕೋಡ್ ಇಡಲು ಎಸ್‌ವಿಎನ್. ಈಗ ಯೂಟ್ಯೂಬ್‌ನಲ್ಲಿ ಯಾವ ಪಾಠ ತೆಗೆದರೂ ಕೋಡ್ ಮಧ್ಯೆ ಬಾಣದ ಗುರುತು. ಇದೇನು ಅಂತಲೇ ತಿಳಿಯಲಿಲ್ಲ. ಜಾವಾ 8ರಲ್ಲಿ ಬಂದ ಲ್ಯಾಂಬ್ಡಾ ಅದು, ಫಂಕ್ಷನ್ ಚಿಕ್ಕದಾಗಿ ಬರೆಯುವ ರೀತಿ, 2014ರಿಂದಲೇ ಇದೆ. ಅಂದರೆ ನಾನು ಕೆಲಸದಲ್ಲಿದ್ದಾಗಲೇ ಬಂದಿತ್ತು, ನಮ್ಮ ಪ್ರಾಜೆಕ್ಟ್‌ಗೆ ಬಂದಿರಲಿಲ್ಲ ಅಷ್ಟೇ. ಇದು ತಿಳಿದ ಮೇಲೆ ಸ್ವಲ್ಪ ಧೈರ್ಯ ಬಂತು. ಹಿಂದೆ ಬಿದ್ದದ್ದು ಪೂರ್ತಿ ಮನೆಯಲ್ಲಿದ್ದುದರಿಂದಲೇ ಅಲ್ಲ, ಅಲ್ವಾ?

ಒಬ್ಬಳೇ ಓದಿದರೆ ನಡೆಯುವುದಿಲ್ಲ ಅನ್ನಿಸಿ, ಐಐಟಿಗಳು ನಡೆಸುವ ಆನ್‌ಲೈನ್ ಪಾಠಗಳ ತಾಣ ಎನ್‌ಪಿಟಿಇಎಲ್‌ನಲ್ಲಿ 12 ವಾರದ ಜಾವಾ ಕೋರ್ಸ್‌ಗೆ ಸೇರಿದೆ. ಪಾಠ ಕೇಳಲು ದುಡ್ಡಿಲ್ಲ, ಪರೀಕ್ಷೆ ಬರೆದು ಸರ್ಟಿಫಿಕೇಟ್ ಬೇಕಿದ್ದರೆ 1000 ರೂಪಾಯಿ. ವಾರವಾರ ಅಸೈನ್‌ಮೆಂಟಿಗೆ ಗಡುವು ಇರುತ್ತದೆ. ಅದೇ ನನಗೆ ಬೇಕಾಗಿದ್ದದ್ದು. ಬೆಳಿಗ್ಗೆ ಮುಕ್ಕಾಲು ಐದರಿಂದ ಆರೂವರೆವರೆಗೆ ಓದು, ಆಮೇಲೆ ಕುಕ್ಕರ್. ಸರ್ಟಿಫಿಕೇಟ್ ನೋಡಿ ಯಾರೂ ಕೆಲಸ ಕೊಡಲಿಲ್ಲ, ಸುಳ್ಳು ಹೇಳುವುದಿಲ್ಲ. ಆದರೆ ರೆಸ್ಯೂಮೆಯಲ್ಲಿ 2025 ಅಂತ ಒಂದು ಸಾಲು ಬಂತು. ಅದಕ್ಕೆ ಮೊದಲು ಎಲ್ಲವೂ 2017ಕ್ಕೆ ನಿಂತಿದ್ದವು.

ಮನೆಯಲ್ಲಿದ್ದ ಲ್ಯಾಪ್‌ಟಾಪ್‌ಗೆ 4 ಜಿಬಿ ರ್‍ಯಾಮ್. ಸ್ಪ್ರಿಂಗ್ ಬೂಟ್ ಪ್ರಾಜೆಕ್ಟ್ ತೆರೆದರೆ ಫ್ಯಾನ್ ಮಿಕ್ಸಿಯ ಹಾಗೆ ಕೂಗುತ್ತಿತ್ತು. ಎಸ್‌ಪಿ ರೋಡಿಗೆ ಹೋಗಿ ರಿಫರ್ಬಿಶ್ಡ್ ಒಂದನ್ನು 24,500ಕ್ಕೆ ತಂದೆವು. ಈ ಇಡೀ ಪ್ರಯಾಣದಲ್ಲಿ ದೊಡ್ಡ ಖರ್ಚು ಇದೇ. ನಾನು ಕೂಡಿಟ್ಟಿದ್ದ ದುಡ್ಡಿನಲ್ಲಿ ತಂದದ್ದು, ನಮ್ಮ ಮನೆಯವರು ಕೊಡುತ್ತೇನೆ ಅಂದರೂ ಬೇಡ ಅಂದೆ. ಯಾಕೆ ಅಂತ ಈಗಲೂ ಸರಿಯಾಗಿ ಹೇಳಲಾರೆ.

ಮೇ ತಿಂಗಳಿಂದ ಅರ್ಜಿ ಹಾಕತೊಡಗಿದೆ. ಮೊದಲ ರೆಸ್ಯೂಮೆಯಲ್ಲಿ ಗ್ಯಾಪ್ ಮುಚ್ಚಿಡಲು ನೋಡಿದೆ. ಇಸವಿಗಳನ್ನೇ ತೆಗೆದುಬಿಟ್ಟೆ. ಒಂದೂ ಫೋನ್ ಬರಲಿಲ್ಲ. ಆಮೇಲೆ ನೇರವಾಗಿ 'ಕರಿಯರ್ ಬ್ರೇಕ್, ಕುಟುಂಬದ ಆರೈಕೆ, 2017–2025' ಅಂತ ಬರೆದೆ. ಲಿಂಕ್ಡ್‌ಇನ್‌ನಲ್ಲಿ ಇದಕ್ಕೆ 2022ರಿಂದ ಬೇರೆ ಜಾಗವೇ ಇದೆ, ಬಳಸಿ. ಒಟ್ಟು 41 ಅರ್ಜಿ ಹಾಕಿದೆ, 6 ಕಡೆಯಿಂದ ಉತ್ತರ ಬಂತು. ಆರರಲ್ಲಿ ಒಂದು ಕಡೆ ಎಚ್‌ಆರ್ ಫೋನ್ ಮಾಡಿ ಕೇಳಿದ ಮೊದಲ ಪ್ರಶ್ನೆ, "ಮಕ್ಕಳನ್ನ ಯಾರು ನೋಡ್ಕೋತಾರೆ ಮೇಡಂ?" ನಾನು ವಿನಯವಾಗಿ ಅತ್ತೆ ಇದ್ದಾರೆ ಅಂದೆ. ಸಿಟ್ಟು ಬಂದದ್ದು ಸಂಜೆ ಪಾತ್ರೆ ತೊಳೆಯುವಾಗ.

ಈ ಹೊತ್ತಿನಲ್ಲಿ ಮೂರು ಜನ ಸಂಬಂಧಿಕರು ವಾಟ್ಸಾಪ್‌ನಲ್ಲಿ ಸುಧಾ ಮೂರ್ತಿಯವರ ಪೋಸ್ಟ್‌ಕಾರ್ಡ್ ಕಥೆ ಕಳಿಸಿದರು. 1974ರಲ್ಲಿ ಟಾಟಾದವರ ಟೆಲ್ಕೋ ಕಂಪನಿಯ ಜಾಹೀರಾತಿನಲ್ಲಿ ಹೆಂಗಸರು ಅರ್ಜಿ ಹಾಕಬೇಕಿಲ್ಲ ಅಂತ ಇದ್ದದ್ದನ್ನು ನೋಡಿ, ಹುಬ್ಬಳ್ಳಿಯಲ್ಲಿ ಓದಿದ ಹುಡುಗಿ ಜೆಆರ್‌ಡಿ ಟಾಟಾ ಅವರಿಗೇ ಕಾರ್ಡ್ ಬರೆದದ್ದು, ಕೆಲಸ ಸಿಕ್ಕಿದ್ದು. ಕಥೆ ಚೆನ್ನಾಗಿದೆ. ನನ್ನ ಕಾಲಕ್ಕೆ ಜಾಹೀರಾತಿನಲ್ಲಿ 'ಮಹಿಳೆಯರಿಗೆ ಆದ್ಯತೆ' ಅಂತ ದಪ್ಪಕ್ಷರದಲ್ಲಿ ಇರುತ್ತದೆ. ಕಾರ್ಡ್ ಬದಲು 19 ಪಿಡಿಎಫ್ ಕೇಳುತ್ತಾರೆ ಅಷ್ಟೇ. ಅದಕ್ಕೆ ಬರುತ್ತೇನೆ.

ಜುಲೈ ಮೊದಲ ಭಾನುವಾರ ಆನ್‌ಲೈನ್ ಟೆಸ್ಟ್. 90 ನಿಮಿಷ, ಎರಡು ಕೋಡಿಂಗ್ ಪ್ರಶ್ನೆ, ಮೂವತ್ತು ಬಹು ಆಯ್ಕೆಯವು. ಕ್ಯಾಮೆರಾ ಆನ್ ಇರಬೇಕು, ಕೋಣೆಯಲ್ಲಿ ಬೇರೆ ಯಾರೂ ಇರಬಾರದು, ಮೂರು ವಾರ್ನಿಂಗ್ ಬಂದರೆ ಟೆಸ್ಟ್ ಬಂದ್. ಎಲ್ಲರಿಗೂ ಹೇಳಿ ಬಾಗಿಲು ಹಾಕಿಕೊಂಡಿದ್ದೆ. ಚಿಲಕ ಮಾತ್ರ ಹಾಕಿರಲಿಲ್ಲ. ಇಪ್ಪತ್ತನೇ ನಿಮಿಷಕ್ಕೆ ಅತ್ತೆ ಕಾಫಿ ಲೋಟ ಹಿಡಿದು ಬಂದು, ನನ್ನ ಹಿಂದೆ ನಿಂತು, ಸ್ಕ್ರೀನ್ ಕಡೆ ಬಗ್ಗಿ ನೋಡಿದರು. "ಎರಡನೇ ಮುಖ ಕಾಣಿಸುತ್ತಿದೆ" ಅಂತ ಕೆಂಪು ಪಟ್ಟಿ ಬಂತು. ನಾನು ಬಾಯಿ ಬಿಡುವಂತಿಲ್ಲ, ಕೈ ಸನ್ನೆ ಮಾಡಿದೆ. ಅವರಿಗೆ ಸಕ್ಕರೆ ಸಾಲದು ಅಂದ ಹಾಗೆ ಕಂಡಿತಂತೆ. ಮತ್ತೆ ಬಂದರು, ಸಕ್ಕರೆ ಡಬ್ಬದ ಜೊತೆ. ಎರಡನೇ ವಾರ್ನಿಂಗ್. ಉಳಿದ ಅರವತ್ತು ನಿಮಿಷ ಉಸಿರು ಬಿಗಿ ಹಿಡಿದು ಬರೆದೆ. ಪಾಸಾದೆ. ಚಿಲಕ ಹಾಕಿಕೊಳ್ಳಿ.

ಇಂಟರ್‌ವ್ಯೂ ಮೂರು ಸುತ್ತು. ಮೊದಲ ಸುತ್ತಿನಲ್ಲಿ ಹ್ಯಾಶ್‌ಮ್ಯಾಪ್ ಕೇಳಿದರು, ಕೀ ಕೊಟ್ಟರೆ ಅದರ ಮಾಹಿತಿ ಹುಡುಕಿ ಕೊಡುವ ಜಾವಾದ ಸಂಗ್ರಹ ಅದು. ಎರಡು ಕೀ ಒಂದೇ ಬಕೆಟ್‌ಗೆ ಬಂದು ಬಿದ್ದರೆ ಏನಾಗುತ್ತದೆ? ನನ್ನ ಕಾಲದ ಉತ್ತರ ಲಿಂಕ್ಡ್ ಲಿಸ್ಟ್. ಜಾವಾ 8ರಿಂದ ಒಂದು ಬಕೆಟ್‌ನಲ್ಲಿ ಎಂಟಕ್ಕಿಂತ ಜಾಸ್ತಿ ಸೇರಿದರೆ, ಟೇಬಲ್ ಸಾಕಷ್ಟು ದೊಡ್ಡದಿದ್ದರೆ, ಅದು ಟ್ರೀ ಆಗುತ್ತದೆ. ಎರಡನ್ನೂ ಹೇಳಿದೆ, ಮೊದಲು ಹೀಗಿತ್ತು, ಈಗ ಹೀಗಿದೆ ಅಂತ. ಎದುರಿಗಿದ್ದ ಹುಡುಗನಿಗೆ ಖುಷಿಯಾಯಿತು. ಕೊನೆ ಸುತ್ತಿನಲ್ಲಿ ಒಬ್ಬರು ಮ್ಯಾನೇಜರ್, ನನಗಿಂತ ನಾಲ್ಕೈದು ವರ್ಷ ದೊಡ್ಡವರು. "ಈ ಏಳು ವರ್ಷ ಏನು ಮಾಡಿದಿರಿ?" ಅಂದರು. ಕಂಠಪಾಠ ಮಾಡಿದ್ದ ಉತ್ತರ ಮರೆತುಹೋಯಿತು. ಡಯಾಲಿಸಿಸ್ ಕುರ್ಚಿಯ ಪಕ್ಕ ಕೂತು ಮಾವನವರ ತೂಕ, ಬಿಪಿ, ಕುಡಿದ ನೀರು ಎಲ್ಲ ಒಂದು ಸ್ಪ್ರೆಡ್‌ಶೀಟ್‌ನಲ್ಲಿ ಬರೆಯುತ್ತಿದ್ದದ್ದು, ತೂಕ ಹೆಚ್ಚಾದರೆ ಆ ಸಾಲು ತಾನೇ ಕೆಂಪಾಗುವ ಹಾಗೆ ಮಾಡಿಕೊಂಡದ್ದು, ಅದನ್ನು ನೋಡಿ ಡಾಕ್ಟರು ಔಷಧಿ ಬದಲಿಸುತ್ತಿದ್ದದ್ದು, ಅಷ್ಟೇ ಹೇಳಿದೆ. ಅವರು ಮುಂದಿನ ಪ್ರಶ್ನೆ ಕೇಳಿದ್ದೂ ಅದೇ ಸ್ಪ್ರೆಡ್‌ಶೀಟ್ ಬಗ್ಗೆ.

ಆಗಸ್ಟ್ ಕೊನೆಗೆ ಆಫರ್ ಬಂತು. ಇಲ್ಲಿ ಸ್ವಲ್ಪ ಹುಷಾರಾಗಿರಿ. ರಿಟರ್ನ್‌ಶಿಪ್ ಅಂದರೆ ಬಹಳಷ್ಟು ಕಡೆ ಅದು ಪೂರ್ತಿ ಕೆಲಸ ಅಲ್ಲ. ನನ್ನದು ಆರು ತಿಂಗಳ ಕಾಂಟ್ರಾಕ್ಟ್, ನಾನು 2017ರಲ್ಲಿ ತೆಗೆದುಕೊಳ್ಳುತ್ತಿದ್ದ ಸಂಬಳದ ಮುಕ್ಕಾಲು ಭಾಗ. ಆಮೇಲೆ ಅವರಿಗೆ ಸರಿ ಕಂಡರೆ ಪರ್ಮನೆಂಟ್. ಸಹಿ ಹಾಕುವ ಮೊದಲು ಇದನ್ನೆಲ್ಲ ಮೇಲ್‌ನಲ್ಲಿ ಬರೆಸಿಕೊಳ್ಳಿ: ಪರ್ಮನೆಂಟ್ ಮಾಡುವುದು ಯಾವ ಆಧಾರದ ಮೇಲೆ, ಆ ಆರು ತಿಂಗಳು ಪಿಎಫ್ ಇದೆಯೇ, ಇನ್ಶೂರೆನ್ಸ್‌ನಲ್ಲಿ ಯಾರ್‍ಯಾರು ಬರುತ್ತಾರೆ, ರಜೆ ಎಷ್ಟು. ಚಿಕ್ಕ ಮಕ್ಕಳಿದ್ದರೆ ಕ್ರೆಷ್, ಅಂದರೆ ಮಕ್ಕಳನ್ನು ನೋಡಿಕೊಳ್ಳುವ ಜಾಗ, ಕೇಳಿ. 50 ಅಥವಾ ಹೆಚ್ಚು ಜನ ಕೆಲಸ ಮಾಡುವ ಕಡೆ ಕ್ರೆಷ್ ಸೌಲಭ್ಯ ಕೊಡಬೇಕು ಅಂತ ಹೆರಿಗೆ ಸೌಲಭ್ಯ ಕಾಯ್ದೆಯ 2017ರ ತಿದ್ದುಪಡಿಯಲ್ಲೇ ಬಂದಿದೆ. ನನ್ನ ಮಗನಿಗೆ ಎಂಟು, ಹಾಗಾಗಿ ನನಗೆ ಉಪಯೋಗವಾಗಲಿಲ್ಲ. ನಮ್ಮ ಬ್ಯಾಚಿನ ಒಬ್ಬಳಿಗೆ ಆಯಿತು.

ಈಗ ಬರುವುದು ನಿಜವಾದ ಪರೀಕ್ಷೆ. ಬ್ಯಾಕ್‌ಗ್ರೌಂಡ್ ವೆರಿಫಿಕೇಶನ್, ಅಂದರೆ ನಾವು ಹೇಳಿಕೊಂಡ ಓದು, ಕೆಲಸ ಎಲ್ಲ ನಿಜವೇ ಅಂತ ನೋಡುವುದು.

ಕಂಪನಿ ಇದನ್ನು ಬೇರೊಂದು ಏಜೆನ್ಸಿಗೆ ಕೊಟ್ಟಿರುತ್ತದೆ. ಅವರ ಪೋರ್ಟಲ್‌ನಲ್ಲಿ 19 ಫೈಲ್ ಹಾಕಬೇಕಿತ್ತು. ಎಂಟು ಸೆಮಿಸ್ಟರ್ ಅಂಕಪಟ್ಟಿ, ಡಿಗ್ರಿ ಸರ್ಟಿಫಿಕೇಟ್, ಎರಡೂ ಕಂಪನಿಯ ರಿಲೀವಿಂಗ್ ಲೆಟರ್, ಕೊನೆಯ ಮೂರು ಪೇಸ್ಲಿಪ್, ಗ್ಯಾಪ್ ಅಫಿಡವಿಟ್ (ಕೆಲಸ ಬಿಟ್ಟಿದ್ದ ಅವಧಿಯ ಬಗ್ಗೆ ಪ್ರಮಾಣ ಮಾಡಿ ಬರೆದ ಪತ್ರ), ಹೀಗೆ. ಹತ್ತು ದಿನ ಗಡುವು.

ಎರಡನೇ ಕಂಪನಿಯ ಕಾಗದ ಎಲ್ಲ ಇತ್ತು. ಮೊದಲ ಕಂಪನಿ ಇನ್ನೊಂದರಲ್ಲಿ ಸೇರಿಹೋಗಿ ವರ್ಷಗಳಾಗಿವೆ. ಎಚ್‌ಆರ್‌ಗೆ ಹಾಕಿದ ಮೇಲ್ ಹೋದ ಹಾಗೇ ವಾಪಸ್ ಬಂತು. ದಾವಣಗೆರೆಗೆ ಫೋನ್ ಮಾಡಿದೆ. ಅಪ್ಪ ಅಟ್ಟದ ಮೇಲಿನ ಟ್ರಂಕು ಇಳಿಸಿ ಎರಡು ದಿನ ಹುಡುಕಿ ಅಪಾಯಿಂಟ್‌ಮೆಂಟ್ ಲೆಟರ್, ಎರಡು ಪೇಸ್ಲಿಪ್ ತೆಗೆದರು. ನೆಲದ ಮೇಲಿಟ್ಟು ಫೋಟೋ ಹೊಡೆದು ಕಳಿಸಿದರು. ಫೋಟೋದ ಮೂಲೆಯಲ್ಲಿ ಅವರ ಹೆಬ್ಬೆರಳು, ಕಾಲಿಂದು. ಅವಸರದಲ್ಲಿ ಅದನ್ನೇ ಹಾಕಿದೆ, ಏಜೆನ್ಸಿಯವರು ತಿರಸ್ಕರಿಸಿದರು. ಆಮೇಲೆ ಅಪ್ಪ ಜೆರಾಕ್ಸ್ ಅಂಗಡಿಗೆ ಹೋಗಿ ಸ್ಕ್ಯಾನ್ ಮಾಡಿಸಿದರು. ಒಂದು ಹಾಳೆಗೆ 10 ರೂಪಾಯಿ, ಜಾಸ್ತಿ ಆಯ್ತು ಅಂತ ಈಗಲೂ ಹೇಳುತ್ತಾರೆ.

ರಿಲೀವಿಂಗ್ ಲೆಟರ್ ಮಾತ್ರ ಇಲ್ಲವೇ ಇಲ್ಲ. ಪಿಎಫ್ ಸರ್ವಿಸ್ ಹಿಸ್ಟರಿ ತೋರಿಸಿ ಅಂದರು. ಎಲ್ಲ ಕಂಪನಿಗಳ ಪಿಎಫ್ ಖಾತೆ ಒಂದೇ ಕಡೆ ಜೋಡಿಸುವ ಯುಎಎನ್ ನಂಬರ್ ಬಂದದ್ದೇ 2014ರ ಅಕ್ಟೋಬರಿನಲ್ಲಿ, ನಾನು ಆ ಕಂಪನಿ ಬಿಟ್ಟದ್ದು ಮೇನಲ್ಲಿ. ಹಾಗಾಗಿ ನನ್ನ ಯುಎಎನ್ ಪ್ರಕಾರ ಮೊದಲ ನಾಲ್ಕು ವರ್ಷ ನಾನು ಎಲ್ಲೂ ಕೆಲಸ ಮಾಡಿಯೇ ಇಲ್ಲ. ಕೊನೆಗೆ ಕೈ ಹಿಡಿದದ್ದು 26ಎಎಸ್, ಅಂದರೆ ನಮ್ಮ ಹೆಸರಲ್ಲಿ ಹಿಡಿದ ತೆರಿಗೆಯ ಪಟ್ಟಿ. ಇನ್‌ಕಂ ಟ್ಯಾಕ್ಸ್ ಪೋರ್ಟಲ್‌ಗೆ ಲಾಗಿನ್ ಆದರೆ ಹಳೇ ವರ್ಷಗಳದ್ದೂ ಸಿಗುತ್ತದೆ. ಯಾವ ಕಂಪನಿ ಯಾವ ತಿಂಗಳು ನಿಮ್ಮ ಸಂಬಳದಿಂದ ಎಷ್ಟು ಟಿಡಿಎಸ್ ಹಿಡಿದಿದೆ ಅಂತ ಸಾಲುಸಾಲಾಗಿ ಇರುತ್ತದೆ. ಒಂದು ರೂಪಾಯಿ ಖರ್ಚಿಲ್ಲ, ಐದು ನಿಮಿಷದ ಕೆಲಸ. ಇದು ಗೊತ್ತಾಗುವ ಮೊದಲು ನಾನು ಆರು ದಿನ ಅತ್ತಿದ್ದೆ. ನೀವು ಇವತ್ತೇ ಡೌನ್‌ಲೋಡ್ ಮಾಡಿಟ್ಟುಕೊಳ್ಳಿ.

ಆಮೇಲೆ ಹೆಸರಿನ ಗೋಳು. ಅಂಕಪಟ್ಟಿಯಲ್ಲಿ ನನ್ನ ಹೆಸರು, ಮುಂದೆ ಎರಡು ಇನಿಷಿಯಲ್. ಪ್ಯಾನ್ ಕಾರ್ಡ್‌ನಲ್ಲಿ ಇನಿಷಿಯಲ್ ಹಾಕುವ ಹಾಗಿಲ್ಲ, ಬಿಡಿಸಿ ಬರೆಯಬೇಕು. ಹಾಗಾಗಿ ಅಲ್ಲಿ ಊರ ಹೆಸರು, ಅಪ್ಪನ ಹೆಸರು ಎಲ್ಲ ಸೇರಿ ರೈಲಿನಷ್ಟು ಉದ್ದ. ಆಧಾರ್‌ನಲ್ಲಿ ಮಗನ ಸ್ಕೂಲ್ ಅಡ್ಮಿಷನ್ ಹೊತ್ತಿಗೆ ಯಾರೋ ಹೇಳಿದರು ಅಂತ ಗಂಡನ ಹೆಸರು ಹಾಕಿಸಿದ್ದೆ. ಮೂರೂ ಒಬ್ಬಳೇ ಅಂತ ಯಾರು ನಂಬಬೇಕು? ಆಧಾರ್‌ನಲ್ಲಿ ಹೆಸರು ಬದಲಿಸಲು ಜೀವಮಾನದಲ್ಲಿ ಎರಡೇ ಅವಕಾಶ, ನಾನು ಒಂದನ್ನು ಆಗಲೇ ಕಳೆದಿದ್ದೆ. ಪ್ಯಾನ್ ತೋರಿಸಿ ಅದೇ ಹೆಸರಿಗೆ ಬದಲಿಸಿದೆ. ಆಗ ಶುಲ್ಕ 50 ಇತ್ತು, 2025ರ ಅಕ್ಟೋಬರ್ 1ರಿಂದ 75 ಆಗಿದೆ. ಹನ್ನೆರಡು ದಿನ ಹಿಡಿಯಿತು. ಅಷ್ಟರಲ್ಲಿ ಗಡುವು ಮುಗಿದಿತ್ತು. ಎಚ್‌ಆರ್‌ಗೆ ಮೇಲ್ ಮಾಡಿ ಇರುವ ವಿಷಯ ಹೇಳಿದೆ, ಎರಡು ವಾರ ಕೊಟ್ಟರು. ಕೇಳಿದರೆ ಕೊಡುತ್ತಾರೆ. ಹೆದರಿ ಸುಮ್ಮನಿರಬೇಡಿ. ಅಂಕಪಟ್ಟಿಯ ಇನಿಷಿಯಲ್‌ಗೆ 'ಈ ಎರಡೂ ಹೆಸರಿನವಳು ನಾನೇ' ಅಂತ ಒಂದು ಅಫಿಡವಿಟ್ ಸಾಕಾಯಿತು.

ಗ್ಯಾಪಿನದು, ಹೆಸರಿನದು, ಎರಡೂ ಅಫಿಡವಿಟ್ ಒಟ್ಟಿಗೇ ಮಾಡಿಸೋಣ ಅಂತ ನೋಟರಿ ಹತ್ತಿರ ಹೋದೆ. ಜೆರಾಕ್ಸ್ ಅಂಗಡಿಯ ಪಕ್ಕ ಒಂದು ಮೇಜು, ಅದರ ಮೇಲೊಂದು ಪ್ರಿಂಟರ್, ಪ್ರಿಂಟರ್ ಮೇಲೆ ನಿಂಬೆಹಣ್ಣು. ಅಫಿಡವಿಟ್‌ಗೆ ಈಗ 100 ರೂಪಾಯಿಯ ಇ-ಸ್ಟಾಂಪ್ ಪೇಪರ್ ಬೇಕು, ಹಿಂದೆ 20ರದ್ದು ಸಾಕಿತ್ತು. ಟೈಪ್ ಮಾಡುವ ಹುಡುಗನ ಹತ್ತಿರ ಎಲ್ಲದಕ್ಕೂ ತಯಾರಿ ಫಾರ್ಮ್ಯಾಟ್ ಇತ್ತು. ಹೆಸರು, ವಿಳಾಸ, ತಾರೀಖು ಹಾಕಿ ಪ್ರಿಂಟ್ ತೆಗೆದು ಕೈಗೆ ಕೊಟ್ಟ. ಇಂಗ್ಲಿಷ್‌ನಲ್ಲಿತ್ತು. ಓದಿದೆ. ಈ ಅವಧಿಯಲ್ಲಿ ನಾನು ಯಾವ ಕೆಲಸವನ್ನೂ ಮಾಡದೆ ಮನೆಯಲ್ಲಿ ಖಾಲಿ ಕೂತಿದ್ದೆ ಅಂತ ಪ್ರಮಾಣ ಮಾಡುತ್ತೇನೆ ಅನ್ನುವ ಅರ್ಥ.

"ಇದನ್ನ ಬದಲಾಯಿಸಬೇಕಪ್ಪ" ಅಂದೆ.

"ಎಲ್ಲರಿಗೂ ಹಿಂಗೇ ಹಾಕೋದು ಮೇಡಂ. ಇದು ಯಾರೂ ಓದಲ್ಲ."

"ನಾನು ಓದಿದೆನಲ್ಲ."

ಅವನು ನನ್ನನ್ನೂ ಪೇಪರನ್ನೂ ನೋಡಿದ. ಸ್ಟಾಂಪ್ ಪೇಪರ್ ಹಾಳಾಗತ್ತೆ, ಇನ್ನೊಂದು ತಗೋಬೇಕು, ಮತ್ತೆ ನೂರು ಅಂದ. ಕೊಟ್ಟೆ. ಕುಟುಂಬದ ಆರೈಕೆಯಲ್ಲಿದ್ದೆ, ಆ ಅವಧಿಯಲ್ಲಿ ಯಾವ ಸಂಸ್ಥೆಯಲ್ಲೂ ಸಂಬಳಕ್ಕೆ ದುಡಿದಿಲ್ಲ ಅಂತ ನಾನೇ ಹೇಳಿ ಬರೆಸಿದೆ. 'ಸಂಬಳಕ್ಕೆ' ಅನ್ನುವ ಪದಕ್ಕೆ ಅವನು ಒಂದು ಕ್ಷಣ ಬೆರಳು ನಿಲ್ಲಿಸಿದ, ಆಮೇಲೆ ಟೈಪ್ ಮಾಡಿದ. ಮೂರು ಸ್ಟಾಂಪ್ ಪೇಪರ್, ಟೈಪಿಂಗ್, ನೋಟರಿ ಎಲ್ಲ ಸೇರಿ 800 ಆಯಿತು. ನೂರು ದಂಡವಾದರೂ ಬೇಸರವಿಲ್ಲ. ನೀವು ಹೋದಾಗ ವಾಕ್ಯ ಮೊದಲೇ ಬರೆದುಕೊಂಡು ಹೋಗಿ, ನೂರು ಉಳಿಯುತ್ತದೆ.

ಅಕ್ಟೋಬರ್ ಮಧ್ಯಕ್ಕೆ ವೆರಿಫಿಕೇಶನ್ ಪೋರ್ಟಲ್‌ನಲ್ಲಿ ಎಲ್ಲ ಹಸಿರಾಯಿತು, ಸೇರಿದೆ. ಆಫೀಸು ಎಲೆಕ್ಟ್ರಾನಿಕ್ ಸಿಟಿ, ಮನೆ ಅತ್ತಿಗುಪ್ಪೆ ಕಡೆ. ಹಳದಿ ಮೆಟ್ರೋ ಆಗಸ್ಟ್‌ನಲ್ಲಿ ಶುರುವಾಗದಿದ್ದರೆ ಈ ಕೆಲಸ ಒಪ್ಪುತ್ತಿದ್ದೆನೋ ಇಲ್ಲವೋ. ನೇರಳೆಯಲ್ಲಿ ಮೆಜೆಸ್ಟಿಕ್, ಹಸಿರಿನಲ್ಲಿ ಆರ್‌ವಿ ರೋಡ್, ಅಲ್ಲಿಂದ ಹಳದಿ. ಆಗ ಹಳದಿ ರೈಲು 19 ನಿಮಿಷಕ್ಕೊಂದು. ಮನೆಯಿಂದ ಎರಡು ನಿಮಿಷ ತಡವಾಗಿ ಹೊರಟರೆ ಆಫೀಸಿಗೆ ಇಪ್ಪತ್ತು ನಿಮಿಷ ತಡ. ಆ ಎರಡು ನಿಮಿಷ ಯಾವಾಗಲೂ ಮಗನ ಸಾಕ್ಸ್ ತಿನ್ನುತ್ತಿತ್ತು. ಈಗ ಸಾಕ್ಸ್ ನಮ್ಮ ಮನೆಯವರ ಇಲಾಖೆ. ಎರಡು ಬಣ್ಣದ ಸಾಕ್ಸ್ ಹಾಕಿ ಕಳಿಸಿದ್ದೂ ಉಂಟು, ನಾನು ಏನೂ ಅನ್ನಲಿಲ್ಲ.

ನಮ್ಮ ಬ್ಯಾಚಿನಲ್ಲಿ ಹದಿನಾಲ್ಕು ಹೆಂಗಸರು. ಮೊದಲ ವಾರ ಎಲ್ಲರ ಬಾಯಲ್ಲೂ "ಸಾರಿ, ನನಗೆ ಇದು ಗೊತ್ತಿಲ್ಲ". ಮೂರನೇ ವಾರ ನಾನು ಎಲ್ಲರ ಕೋಡ್ ಇಡುವ ಗಿಟ್‌ನಲ್ಲಿ ಬೇರೆಯವರ ಬ್ರಾಂಚ್ ಮೇಲೆ ಫೋರ್ಸ್ ಪುಶ್ ಮಾಡಿ ಒಬ್ಬ ಹುಡುಗನ ಅರ್ಧ ದಿನದ ಕೆಲಸ ಅಳಿಸಿದೆ. ಟಾಯ್ಲೆಟ್‌ಗೆ ಹೋಗಿ ಮುಖ ತೊಳೆದು ಬರುವಷ್ಟರಲ್ಲಿ ಅವನು ತನ್ನ ಮೆಷಿನ್‌ನಿಂದ ವಾಪಸ್ ತಂದಿದ್ದ. "ಅಕ್ಕಾ, ನಾನೂ ಹೋದ ವರ್ಷ ಇದೇ ಮಾಡಿದ್ದೆ" ಅಂದ. ಅವನಿಗೆ ಇಪ್ಪತ್ನಾಲ್ಕು. ಅವನಿಗೆ ಗೊತ್ತಿಲ್ಲದ್ದು ನನಗೆ ಗೊತ್ತಿತ್ತು ಅನ್ನುವುದು ಜನವರಿಯಲ್ಲಿ ತಿಳಿಯಿತು. ಪ್ರೊಡಕ್ಷನ್‌ನಲ್ಲಿ ಒಂದು ಹಳೇ ಜೆಎಸ್‌ಪಿ ಪುಟ ಕೈಕೊಟ್ಟಾಗ ಟೀಮಿನಲ್ಲಿ ಅದನ್ನು ಓದಬಲ್ಲವಳು ನಾನೊಬ್ಬಳೇ.

ಹದಿನಾಲ್ಕರಲ್ಲಿ ಒಂಬತ್ತು ಜನಕ್ಕೆ ಪರ್ಮನೆಂಟ್ ಆಯಿತು. ಇಬ್ಬರು ಮಧ್ಯದಲ್ಲೇ ಬಿಟ್ಟರು, ಒಬ್ಬಳು ಅಮ್ಮನ ಕಾಯಿಲೆಗೆ, ಒಬ್ಬಳು ಪ್ರಯಾಣ ಆಗದೆ. ಮೂವರನ್ನು ತೆಗೆದುಕೊಳ್ಳಲಿಲ್ಲ. ಅವರಲ್ಲಿ ಒಬ್ಬಳು ನನಗಿಂತ ಚೆನ್ನಾಗಿ ಕೋಡ್ ಬರೆಯುತ್ತಿದ್ದಳು. ಯಾಕೆ ಅಂತ ಯಾರೂ ಬಾಯಿ ಬಿಡಲಿಲ್ಲ. ಆರು ತಿಂಗಳ ಅನುಭವ ಪತ್ರ ಕೇಳಿ ತಗೋ ಅಂತ ನಾವೇ ಹೇಳಿ ಕಳಿಸಿದೆವು. ತಗೊಂಡಳು, ಈಗ ಬೇರೆ ಕಡೆ ಇಂಟರ್‌ವ್ಯೂ ನಡೆಯುತ್ತಿದೆ.

ನನ್ನ ಕಾಗದಗಳೆಲ್ಲ ಈಗ ಒಂದು ನೀಲಿ ಫೈಲಿನಲ್ಲಿವೆ, ಬೀರುವಿನ ಮೇಲಿನ ಅರೆಯಲ್ಲಿ. ಸ್ಕ್ಯಾನ್ ಪ್ರತಿ ಡ್ರೈವ್‌ನಲ್ಲೂ ಇದೆ, ನನ್ನ ಮೇಲ್‌ನಲ್ಲೂ ಇದೆ. ಉಳಿದದ್ದು ಒಂದೇ. ಮೊದಲ ಕಂಪನಿಯ ಹಳೇ ಪಿಎಫ್ ದುಡ್ಡನ್ನು ಯುಎಎನ್‌ಗೆ ಸೇರಿಸಲು ನವೆಂಬರಿನಲ್ಲಿ ಅರ್ಜಿ ಹಾಕಿದ್ದೆ. ಇವತ್ತು ಬೆಳಿಗ್ಗೆ ಮೆಟ್ರೋದಲ್ಲಿ ನಿಂತೇ ನೋಡಿದೆ. 'ಪರಿಶೀಲನೆಯಲ್ಲಿದೆ' ಅಂತಿದೆ.